ಜುಲೈ ಒಂದರ ವಿಶೇಷ

ಭಾನುವಾರ ಮದ್ದೂರಿಗೆ ಹೋಗಿದ್ದ ಪಾರ್ಥಸಾರಥಿ ಅಯ್ಯಂಗಾರ್ ಮೇಷ್ಟ್ರು ಸ್ಟೇಷನ್ನಿನಲ್ಲಿ ಎರಡು ವಡೆ ಕೊಂಡರು. ಒಂದನ್ನು ಅಲ್ಲೇ ತಿಂದರು. ಇನ್ನೊಂದನ್ನು ಹೆಂಡತಿಗೆಂದು ಎಲೆಯಲ್ಲಿ ಸುತ್ತಿ, ಕೈಚೀಲದಲ್ಲಿದ್ದ ಪುಸ್ತಕದ ನಡುವೆ ಸಿಕ್ಕಿಸಿ, ಮನೆಗೆ ಬರುವ ದಾರಿಯಲ್ಲಿ ಸೋಮನಹಳ್ಳಿ ಮುಟ್ಟುವಷ್ಟರಲ್ಲಿ ಅದನ್ನೂ ತಿಂದರು. ಹೆಂಡತಿ ಕನಕಲಕ್ಷ್ಮಿಗೆ ವಿಷಯ ತಿಳಿಯಲಿಲ್ಲ, ಇಲಿಗೆ ತಿಳಿಯಿತು. ಮಂಗಳವಾರ ರಾತ್ರಿ ಗಂಡ ಹೆಂಡಿರು ಪ್ರಥಮೈಕಾದಶಿಯ ಉಪವಾಸದಲ್ಲಿ ಮಲಗಿದ್ದಾಗ, ಆ ಮನೆಯಲ್ಲಿ ಉಪವಾಸವಿಲ್ಲದ ಆ ಒಂದೇ ಜೀವ ಎಣ್ಣೆ ಹತ್ತಿದ ಹಾಳೆಯನ್ನು ಹುಡುಕಿ ಒಂದು ಚೂರೂ ಬಿಡದೆ ಮುಗಿಸಿತು.

ಹೋದದ್ದು ಜುಲೈ ಒಂದನೇ ತಾರೀಕಿನ ಹಾಳೆ. ಬುಧವಾರ ಬೆಳಗಾದರೆ ೧೯೩೬ನೇ ಇಸವಿಯ ಜುಲೈ ಒಂದು.

ಈ ಪುಸ್ತಕದ ಪೀಡೆ ಶುರುವಾದದ್ದು ಹೊಸ ಇನ್ಸ್‌ಪೆಕ್ಟರು ಸಂಪತ್ ಕುಮಾರರಿಂದ. ಪ್ರತಿ ಸ್ಕೂಲಿನ ಬಾಗಿಲಲ್ಲೂ ಒಂದು ಹಲಗೆ ಇರಬೇಕು, ಅದರಲ್ಲಿ ದಿನಾ ‘ಘಟನೆ, ಜನನ, ಮರಣ, ಆಚರಣೆ’ ಎಂದು ನಾಲ್ಕು ಮನೆ ಮಾಡಿ, ಜಗತ್ತಿನಲ್ಲಿ ಅದೇ ತಾರೀಕಿನಂದು ಹಿಂದೆ ನಡೆದದ್ದನ್ನೆಲ್ಲ ಬರೆಯಬೇಕು ಎಂದು ಅವರ ಅಪ್ಪಣೆ. ಬರೆಯಲು ಪುಸ್ತಕವನ್ನೂ ಕೊಟ್ಟಿದ್ದರು. ಹೋಗಲಿ, ಬೇರೆ ದಿನವಾದರೆ ಮೇಷ್ಟ್ರು ಹಲಗೆಯನ್ನು ಒರೆಸಿ ಒಣಗಲು ಇಟ್ಟಿದ್ದೇನೆ ಅನ್ನುತ್ತಿದ್ದರು. ಆದರೆ ವಾರದ ಹಿಂದೆ ಒಂದು ಚೀಟಿ ಬಂದಿತ್ತು: ‘ಜುಲೈ ಒಂದರಂದು ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಹಲಗೆ ನೋಡಬೇಕು. ತಮ್ಮ ಬಾಬ್ತು ಒಂದು ಆರ್ಡರನ್ನೂ ತರುತ್ತಿದ್ದೇನೆ.’

ಆರ್ಡರು! ಮಂಡ್ಯದ ಮಿಡಲ್ ಸ್ಕೂಲಿನ ಹೆಡ್‌ಮಾಸ್ಟರಿಕೆಗೆ ಮೇಷ್ಟ್ರು ಮೂರು ಸಲ ಅರ್ಜಿ ಹಾಕಿದ್ದರು. ಕನಕಲಕ್ಷ್ಮಿಯಂತೂ ಮಂಡ್ಯದ ಕರೆಂಟು ದೀಪದ ಕೆಳಗೆ ಕೂತು ಹೂ ಕಟ್ಟುವುದನ್ನು ಕನಸಿನಲ್ಲಿ ಕಂಡು, ಚೀಟಿ ಬಂದ ದಿನವೇ ಪಾತ್ರೆ ಕಟ್ಟಲು ಶುರು ಮಾಡಿದ್ದಳು.

“ಏನಂದ್ರೆ, ಗಾಡಿ ಕುಲುಕಿದರೆ ಉಪ್ಪಿನಕಾಯಿ ಜಾಡಿ ಚೆಲ್ಲುತ್ತೋ?”

“ನನ್ನ ನೌಕರಿಯೇ ಚೆಲ್ಲೋ ಹಾಗಿದೆ, ನಿನ್ನ ಜಾಡಿ ಹಾಳಾಗಲಿ!” ಎಂದು ಬುಧವಾರ ಬೆಳಗ್ಗೆ ಹಾಳೆ ಕಾಣದೆ ಮೇಷ್ಟ್ರು ಸಿಡುಕಿ, ದ್ವಾದಶಿ ಪಾರಣೆಯ ಊಟವನ್ನು ಎರಡು ತುತ್ತಿಗೆ ಮುಗಿಸಿ ಎದ್ದರು.

ಪಂಚಾಂಗ ನೋಡಿ ‘ಆಚರಣೆ: ದ್ವಾದಶಿ’ ಎಂದು ಬರೆದದ್ದಾಯಿತು. ಉಳಿದ ಮೂರು ಮನೆ ಖಾಲಿ. ‘ಜನನ’ಕ್ಕೆ ಏನಾದರೂ ಸಿಕ್ಕೀತೆಂದು ಸ್ಕೂಲಿನ ದಾಖಲಾತಿ ರಿಜಿಸ್ಟರು ತೆರೆದರು. ಸಿಕ್ಕಿತು. ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ಮಕ್ಕಳು ಜುಲೈ ಒಂದರಂದೇ ಹುಟ್ಟಿದ್ದವು. ಹುಟ್ಟದೆ ಏನು ಮಾಡ್ಯಾವು? ತಾರೀಕು ಕೇಳಿದರೆ ಅಪ್ಪಂದಿರು ತಲೆ ಕೆರೆಯುತ್ತಿದ್ದರು, ಮೇಷ್ಟ್ರು ಸ್ವಹಸ್ತದಿಂದ ಜುಲೈ ಒಂದು ಎಂದು ಗೀಚುತ್ತಿದ್ದರು. ತಾವೇ ಹೆರಿಗೆ ಮಾಡಿಸಿದಷ್ಟು ನಾಚಿಕೆಯಾಗಿ ರಿಜಿಸ್ಟರನ್ನು ಮುಚ್ಚಿದರು.

ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಅರಳಿಕಟ್ಟೆಗೆ ಹೋದರು. ಊರಿನ ಹಿರಿಯ ಕರಿಸಿದ್ದಯ್ಯ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದ.

“ಕರಿಸಿದ್ದಯ್ಯ, ಜುಲೈ ಒಂದನೇ ತಾರೀಕು ನಮ್ಮ ಸೀಮೆಯಲ್ಲಿ ಏನಾದರೂ ದೊಡ್ಡದು ನಡೆದಿತ್ತೇನಯ್ಯ? ಯಾರಾದರೂ ಹುಟ್ಟಿದ್ದು, ಸತ್ತಿದ್ದು?”

“ಜುಲೈ ಅಂದ್ರೆ ಯಾವ್ ಮಳೆ ಬುದ್ಧಿ?”

“ಈಗ ನಡೀತಿರೋದು. ಆರಿದ್ರೆ.”

“ಅಂಗ್ ಯೋಳಿ ಮತ್ತೆ! ಆರಿದ್ರೆ ಮಳೆನಾಗೇ ನಮ್ಮಪ್ಪ ಸತ್ತಿದ್ದು.”

“ತಾರೀಕು?”

“ಉಯ್ತಾ ಇತ್ತು. ಸೌದೆ ಅತ್ಕಳ್ನೇ ಇಲ್ಲ.”

“ಅಯ್ಯೋ, ಯಾವ ಇಸವಿಯಯ್ಯ?”

“ನಮ್ ಕೆಂದೆತ್ತು ಬಾವಿಗ್ ಬಿದ್ದ ವರ್ಸ.”

ಮೇಷ್ಟ್ರು ಹಣೆ ಒತ್ತಿಕೊಂಡರು. ಅಷ್ಟರಲ್ಲಿ ಸಗಣಿ ಪುಟ್ಟಿ ಹೊತ್ತು ಹೋಗುತ್ತಿದ್ದ ಚಿಕ್ಕನಂಜಮ್ಮ ನಿಂತಳು. ಆಕೆ ನಿಂತರೆ ಊರಿನ ಅರ್ಧ ಕೆಲಸ ನಿಂತಂತೆ.

“ಸುಳ್ ಯೋಳ್ತಾನೆ ಬುದ್ಧಿ. ಅವರಪ್ಪ ಮಿರ್ಗಸಿರೆನಾಗೆ ಓಗಿದ್ದು. ಬರ್ಕಳಾದಾದ್ರೆ ನಮ್ಮೆಮ್ಮೆ ಬರ್ಕಳಿ. ಇವತ್ತು ಒತ್ತಾರೆ ಈದದೆ. ಎಣ್ಗರು!”

“ಎಮ್ಮೆಯನ್ನ ಸರ್ಕಾರದ ಹಲಗೆ ಮೇಲೆ ಬರೆಯೋಕಾಗುತ್ತೇನಮ್ಮ?”

“ಯಾಕಾಗಕಿಲ್ಲ? ಸತ್ತೋರ್ನ ಬರೀತೀರಿ, ಆಲು ಕೊಡೋಳ್ನ ಬರಿಯಕಿಲ್ವಾ?”

ಮೇಷ್ಟ್ರು ತಿರುಗಿ ಹೊರಟರು. ಆದರೆ ಕಟ್ಟೆಯ ಆ ತುದಿಯಲ್ಲಿ ಹುಚ್ಚೀರಯ್ಯ ಮಲಗಿದ್ದ. ಊರಿನಲ್ಲಿ ಏನೇ ನಡೆದರೂ ಅದರ ಒಳಗುಟ್ಟು ತನಗೆ ಗೊತ್ತೆಂದು ಹೇಳುವವನು ಅವನು. ಎದ್ದು ಕೂತ.

“ಲೇ ಕರಿಸಿದ್ದ, ಸರ್ಕಾರ ಸುಮ್ಸುಮ್ನೆ ಕೇಳ್ತದೇನ್ಲಾ? ನಾಲೆ ನಮ್ಮೂರ್ಗೂ ಬತ್ತದೆ. ಯಾರಪ್ಪ ಯಾವಾಗ ಸತ್ತ ಅಂತ ಬರ್ಕಂಡು, ಅವರ್ ಮಕ್ಕಳ ಗದ್ದೆಗೆ ಮೊದ್ಲು ನೀರ್ ಬುಡ್ತಾರೆ ಕಣ್ಲಾ!”

ಮುಗಿಯಿತು. ಮೇಷ್ಟ್ರು ಸ್ಕೂಲು ತಲುಪುವುದಕ್ಕೆ ಮೊದಲೇ ಸುದ್ದಿ ತಲುಪಿತ್ತು. ಅರ್ಧ ಗಂಟೆಯೊಳಗೆ ಜಗುಲಿಯ ಮುಂದೆ ಊರು ನೆರೆಯಿತು. ಎಲ್ಲರ ಅಪ್ಪಂದಿರೂ ಆರಿದ್ರೆ ಮಳೆಯಲ್ಲೇ ಸತ್ತಿದ್ದರು. ಒಬ್ಬನ ಅಪ್ಪ ಬದುಕಿದ್ದು ಅಲ್ಲೇ ಕೆಮ್ಮುತ್ತಾ ನಿಂತಿದ್ದ. ಆದರೂ ಒಂದು ಸಾಲು ಕಾದಿರಿಸಿ ಎಂದು ಮಗ ಕೇಳಿದ. ಇಲ್ಲ, ಆಗದು, ಇದು ಇತಿಹಾಸ ಎಂದು ಮೇಷ್ಟ್ರು ಗಂಟಲು ಹರಿದುಕೊಂಡರು. “ನಮ್ಮಪ್ಪ ಇತಿಹಾಸ ಅಲ್ವಾ?” ಎಂದು ಕರಿಸಿದ್ದಯ್ಯ ಕಣ್ಣಲ್ಲಿ ನೀರು ತಂದುಕೊಂಡ. ಹಿಂದಿನಿಂದ ಯಾರೋ ತಳ್ಳಿದರು, ಯಾರೋ ಸೀಮೆಸುಣ್ಣವನ್ನು ಕೈಗೆ ತುರುಕಿದರು. ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಇವರ ಬಾಯಿ ಮುಚ್ಚಿಸಿದರೆ ಸಾಕೆಂದು ಮೇಷ್ಟ್ರು ಬರೆದೇಬಿಟ್ಟರು:

‘ಮರಣ: ಕರಿಸಿದ್ದಯ್ಯನವರ ತಂದೆ. ಜನನ: ಚಿಕ್ಕನಂಜಮ್ಮನವರ ಎಮ್ಮೆಕರು.’

ಒರೆಸಲು ಕೈ ಎತ್ತುವಷ್ಟರಲ್ಲಿ ಇನ್ಸ್‌ಪೆಕ್ಟರು ಸಂಪತ್ ಕುಮಾರರು ಕನ್ನಡಕ ಸರಿ ಮಾಡಿಕೊಳ್ಳುತ್ತಾ ಎದುರಿಗೆ ನಿಂತಿದ್ದರು. ಮೇಷ್ಟ್ರ ಕಣ್ಣ ಮುಂದೆ ಮಂಡ್ಯದ ಕರೆಂಟು ದೀಪಗಳು ಒಂದೊಂದಾಗಿ ಆರತೊಡಗಿದವು.

ಆಶ್ಚರ್ಯವೆಂದರೆ ಇನ್ಸ್‌ಪೆಕ್ಟರು ಗದರಲಿಲ್ಲ. ಹಲಗೆಯನ್ನು ಎರಡು ಸಲ ಓದಿದರು, ಮೇಷ್ಟ್ರ ಮುಖವನ್ನು ಮರುಕದಿಂದ ನೋಡಿದರು.

“ಘಟನೆ ಅನ್ನೋದು ಖಾಲಿ ಇದೆಯಲ್ಲ?”

“ಈ ದಿನ ಹೇಳಿಕೊಳ್ಳುವಂಥ ಘಟನೆ ಯಾವುದೂ ನಡೆದಿಲ್ಲ ಸಾರ್.”

“ಏನು ಹೀಗೆ ಹೇಳ್ತೀರಿ? ನಾನು ಬಂದಿರೋದೇ ಅದಕ್ಕೆ,” ಎಂದು ಇನ್ಸ್‌ಪೆಕ್ಟರು ನಕ್ಕು, ಜೇಬಿನಿಂದ ಉದ್ದನೆಯ ಲಕೋಟೆ ತೆಗೆದರು. ಮೇಷ್ಟ್ರ ಎದೆ ಹಿಗ್ಗಿತು. ಇಲಿಯನ್ನೂ ಎಮ್ಮೆಯನ್ನೂ ಒಟ್ಟಿಗೆ ಕ್ಷಮಿಸಿದರು.

ಇನ್ಸ್‌ಪೆಕ್ಟರು ಸೀಮೆಸುಣ್ಣ ಇಸಿದುಕೊಂಡು, ಎಮ್ಮೆಕರುವಿನ ಕೆಳಗೆ ದುಂಡಗೆ ಬರೆದರು: ‘೧೮೮೧: ಪಾರ್ಥಸಾರಥಿ ಅಯ್ಯಂಗಾರ್ ಅವರ ಜನನ.’ ಘಟನೆಯ ಮನೆಯಲ್ಲಿ ಬರೆದರು: ‘೧೯೩೬: ಐವತ್ತೈದು ತುಂಬಿ ನಿವೃತ್ತಿ.’

“ಬೇರೆಯವರ ಕೈಲಿ ಕಳಿಸೋಕೆ ಮನಸ್ಸು ಬರಲಿಲ್ಲ, ನಾನೇ ತಗೊಂಡು ಬಂದೆ. ನಾಳೆಯಿಂದ ಹೊಸ ಮೇಷ್ಟ್ರು. ನೀವು ವಾಸವಿರೋ ಸ್ಕೂಲಿನ ಮನೆ ಇವತ್ತು ಸಂಜೆಗೆ ಬಿಟ್ಟುಕೊಡಬೇಕು.”

“ಸಾರ್, ನಾನು ಹುಟ್ಟಿದ್ದು ಸ್ವಭಾನು ಸಂವತ್ಸರದ ಭಾದ್ರಪದದಲ್ಲಿ! ಶ್ರವಣ ನಕ್ಷತ್ರ! ನನಗೆ ಇನ್ನೂ ಐವತ್ತಮೂರು ತುಂಬಿಲ್ಲ!”

“ಸರ್ವೀಸ್ ಪುಸ್ತಕದಲ್ಲಿ ನಕ್ಷತ್ರ ಇಲ್ಲ ಮೇಷ್ಟ್ರೇ. ಜುಲೈ ಒಂದು ಅಂತಿದೆ. ಕೆಳಗೆ ನಿಮ್ಮದೇ ರುಜು.”

ರುಜು ಹಾಕಿದ್ದು ನಿಜ. ಕೆಲಸ ಸಿಕ್ಕ ಸಂಭ್ರಮದಲ್ಲಿ ಮೇಲೆ ಏನಿದೆಯೆಂದು ಓದಿರಲಿಲ್ಲ. ಈಗ ನೆನಪಾಯಿತು. ಮಳವಳ್ಳಿಯ ಸ್ಕೂಲಿಗೆ ಸೇರಿಸುವಾಗ ಮಗು ಚಿಕ್ಕದೆಂದು ಅಲ್ಲಿಯ ಮೇಷ್ಟ್ರು ರಾಗ ಎಳೆದರಂತೆ. ಅಪ್ಪ ನಾಲ್ಕನ್ನು ಆರು ಮಾಡಿದರಂತೆ. ‘ನಿನಗೆ ಎರಡು ವರ್ಷ ಉಳಿಸಿಕೊಟ್ಟೆ’ ಎಂದು ಸಾಯುವ ತನಕ ಹೇಳಿಕೊಳ್ಳುತ್ತಿದ್ದರು. ಆ ಮಳವಳ್ಳಿ ಮೇಷ್ಟ್ರು ತಾರೀಕಿಗೆ ಏನು ಗೀಚಿದ್ದಾರು ಎಂಬುದನ್ನು ಪಾರ್ಥಸಾರಥಿ ಅಯ್ಯಂಗಾರರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ತಿದ್ದೋಕೆ ಆಗೋದಿಲ್ಲವೆ ಸಾರ್?”

“ಸಾಕ್ಷಿ ಇದ್ದರೆ ನೋಡಬಹುದು. ನೀವು ಹುಟ್ಟಿದ ಕಾಲ ಬಲ್ಲವರು ಯಾರಾದರೂ ಇದ್ದಾರೆಯೆ?”

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಕರಿಸಿದ್ದಯ್ಯ ಮುಂದೆ ನುಗ್ಗಿದ. ತನ್ನ ಅಪ್ಪನನ್ನು ಹಲಗೆ ಹತ್ತಿಸಿದ ಪುಣ್ಯಾತ್ಮನ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ಸಮಯ ಬೇಕೆ?

“ನಾನಿವ್ನಿ ಬುದ್ಧಿ! ನಮ್ ಮೇಷ್ಟ್ರು ಆರಿದ್ರೆ ಮಳೆನಾಗೇ ಉಟ್ಟಿದ್ದು. ಉಯ್ತಾ ಇತ್ತು!”

“ಊಂ ಕಣ್ ಬುದ್ಧಿ, ಆರಿದ್ರೆನೇ!” ಎಂದಳು ಚಿಕ್ಕನಂಜಮ್ಮ. ಆಕೆ ಕರಿಸಿದ್ದಯ್ಯನ ಮಾತನ್ನು ಒಪ್ಪಿದ್ದು ಜನ್ಮದಲ್ಲಿ ಅದೇ ಮೊದಲು. ಹುಚ್ಚೀರಯ್ಯ ಕೈ ಎತ್ತಿದ. ಊರೆಲ್ಲ ಕೈ ಎತ್ತಿತು. ಮೇಷ್ಟ್ರಿಗೂ ಒಂದಿಷ್ಟು ನಾಲೆ ನೀರು ಸಿಕ್ಕಲಿ ಎಂದು ಎಲ್ಲರ ಮನಸ್ಸು.

“ಆರಿದ್ರೆ ಅಂದರೆ ಇದೇ ಅಲ್ಲವೆ? ಸರಿಯಾಗೇ ಇದೆಯಲ್ಲ!” ಎಂದು ಇನ್ಸ್‌ಪೆಕ್ಟರು ಲಕೋಟೆಯನ್ನು ಮೇಷ್ಟ್ರ ಕೈಗಿತ್ತು, ಎಮ್ಮೆಕರು ಚೆನ್ನಾಗಿದೆಯೆ ಎಂದು ವಿಚಾರಿಸಿ, ಬಸ್ಸು ಹತ್ತಿದರು.

ಮೇಷ್ಟ್ರು ಮನೆಗೆ ಬಂದಾಗ ಹದಿನೇಳು ಗಂಟುಗಳು ಬಾಗಿಲಲ್ಲಿ ಸಾಲಾಗಿದ್ದವು, ಎತ್ತಿನ ಗಾಡಿಯೂ ಬಂದು ನಿಂತಿತ್ತು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಬಿಗಿದಿತ್ತು.

“ಆರ್ಡರು ಬಂತೇ?” ಎಂದಳು ಕನಕಲಕ್ಷ್ಮಿ.

“ಬಂತು.”

“ಯಾವತ್ತು ಹೊರಡಬೇಕು?”

“ಇವತ್ತೇ.”

“ನೋಡಿದಿರಾ! ಮೊದಲೇ ಕಟ್ಟಿಟ್ಟಿದ್ದು ಎಷ್ಟು ಒಳ್ಳೆಯದಾಯಿತು,” ಎಂದು ಆಕೆ ಖುಷಿಯಿಂದ ಜಾಡಿಯನ್ನು ಸೊಂಟಕ್ಕೇರಿಸಿ ಗಾಡಿಯ ಕಡೆಗೆ ನಡೆದಳು. ಎಲ್ಲಿಗೆ ಎಂದು ಇನ್ನೂ ಕೇಳಿರಲಿಲ್ಲ.