ಇಡೀ ಕುಂಬಳಕ್ಕೆ ಮೊದಲ ಏಟು

ತಾರಾನಾಥರ ಬೆಳಗಿನ ಕಾಫಿ ಹೋಯಿತು. ಕಸಿದುಕೊಂಡವರು ಬೇರೆ ಯಾರೂ ಅಲ್ಲ, ಧರ್ಮಪತ್ನಿ ವಾರಿಜಾ. ಕಾಫಿಯ ಸಿಂಹಾಸನದ ಮೇಲೆ ಈಗ ಬೂದುಗುಂಬಳದ ಹಸಿ ರಸ ವಿರಾಜಮಾನವಾಗಿತ್ತು. ಮುಂಬಯಿ ಕಡೆಯ ಬೇಲಾಪುರದ ಆಫೀಸಿನಲ್ಲಿ ಕಂಡಕಂಡವರನ್ನು ಗದರಿಸುವ ಈ ಮಹಾಶಯರು ಡೊಂಬಿವಲಿಯ ತಮ್ಮ ಅಡಿಗೆಮನೆಯಲ್ಲಿ ಮೂಗು ಹಿಡಿದು ಅದನ್ನು ಕುಡಿಯುತ್ತಿದ್ದರು.

ಒಂದು ದಿನ ಆಫೀಸಿನ ಕಂಪ್ಯೂಟರಿನಲ್ಲಿ ಬೂದು, ಸಿಹಿ ಎಂಬ ಕುಂಬಳದ್ವಯರ ಪೋಷಕಾಂಶಗಳನ್ನು ಅಧ್ಯಯನ ಮಾಡಿ (ಆಫೀಸಿನ ಕೆಲಸ ಎಲ್ಲಿಗೆ ಓಡಿಹೋಗುತ್ತದೆ?), ದೊಡ್ಡ ಸಿಹಿಗುಂಬಳವೊಂದನ್ನು ಹೊತ್ತು ಮನೆಗೆ ಬಂದರು.

"ನೋಡು ವಾರಿಜಾ, ನಿನ್ನ ಬೂದುಗುಂಬಳದಲ್ಲಿ ನೀರು ಬಿಟ್ಟರೆ ಹೆಚ್ಚು ಎಂತದೂ ಇಲ್ಲ. ಸಿಹಿಗುಂಬಳದಲ್ಲಿ ಎ ವಿಟಮಿನ್ ರಾಶಿ ಉಂಟು. ಕಣ್ಣಿಗೆ ಒಳ್ಳೇದು."

"ನಿಮ್ಮ ಕಣ್ಣಿಗೆ ಎಂತ ಆಗಿದೆ ಮಾರಾಯ್ರೆ? ಕಾಫಿ ಡಬ್ಬಿ ಎಲ್ಲಿ ಅಡಗಿಸಿಟ್ರೂ ಕಾಣ್ತದಲ್ಲ!"

"ಹಾಗಾದ್ರೆ ಇನ್ನು ನಾನು ಕುಂಬಳ ಒಡೆಯುವುದಿಲ್ಲ!"

ವಾರಿಜಾ ತಣ್ಣಗಾದಳು. ಇಡೀ ಕುಂಬಳಕ್ಕೆ ಹೆಂಗಸರು ಕತ್ತಿ ಹಾಕಬಾರದು, ಮೊದಲ ಏಟು ಗಂಡಸಿನದೇ ಆಗಬೇಕು. ಮುಂಬಯಿಗೆ ಬಂದು ಊರಿನ ಎಷ್ಟೋ ಕಟ್ಟಳೆ ಬಿಟ್ಟಿದ್ದ ಅವಳು ಇದೊಂದನ್ನು ಬಿಟ್ಟಿರಲಿಲ್ಲ. ಏಟಿಲ್ಲ, ರಸವಿಲ್ಲ. ಮರುದಿನ ಕಾಫಿ ಮರಳಿ ಬಂತು. ತಾರಾನಾಥರಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಒಡೀಲಿಕ್ಕೆ ತಂದ ಕುಂಬಳವನ್ನು ಹಾಗೇ ಇಟ್ರೆ ಅದು ಕಾಯ್ತದಂತೆ. ಅಮ್ಮ ಹೇಳ್ತಿದ್ರು," ಎಂದಳು ವಾರಿಜಾ.

"ಎಂತದಕ್ಕೆ ಕಾಯ್ತದೆ?"

"ಒಡೆಯದ ಗಂಡಸಿಗೆ."

ತಾರಾನಾಥರು ನಕ್ಕರು. ಅಂದು ಮುಸ್ಸಂಜೆ ಲೋಡ್ ಶೆಡ್ಡಿಂಗಿನ ಹೊತ್ತಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತು. ಎಚ್ಚರವಾದಾಗ ಫ್ಯಾನ್ ನಿಂತಿತ್ತು, ಇಡೀ ಬಿಲ್ಡಿಂಗು ಉಸಿರು ಬಿಗಿಹಿಡಿದಂತಿತ್ತು. ಅಡಿಗೆಮನೆಯ ಹೊಸ್ತಿಲ ಮೇಲೆ ಬೆಳ್ಳಗೆ, ದುಂಡಗೆ ಏನೋ ಕೂತಿತ್ತು. ಕುತ್ತಿಗೆಯಿಲ್ಲದ ತಲೆಯ ಹಾಗೆ. ಕರೆಂಟು ಬಂದ ಮೇಲೆ ನೋಡಿದರೆ ರಸಕ್ಕೆಂದು ತಂದಿಟ್ಟಿದ್ದ ಇಡೀ ಬೂದುಗುಂಬಳ. ಹೆಂಡತಿಯ ಕಿತಾಪತಿ ಎಂದುಕೊಂಡು ಸುಮ್ಮನಾದರು.

ಮರುಸಂಜೆ ಅದು ಟೀವಿಯ ಪಕ್ಕದಲ್ಲಿತ್ತು. ಅದರ ಮರುಸಂಜೆ ಕತ್ತಲಲ್ಲಿ ಕಾಲು ಚಾಚಿದಾಗ ಅಂಗಾಲಿಗೆ ಏನೋ ತಣ್ಣಗೆ ತಾಗಿತು. ತಾರಾನಾಥರು ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡರು. ಬೆಳಗಿನ ಕಾಫಿಯೂ ರುಚಿಸದಾಯಿತು. ಸಂಜೆ ಜೊಂಪಿನಿಂದ ಎಚ್ಚರವಾದಾಗ ಅದು ಮತ್ತೆ ಕಾಲ ಬಳಿಯೇ ಕೂತಿರುವುದನ್ನು ಕಂಡು ಕೂಗಿದರು.

"ವಾರಿಜಾ, ಸಾಕು ಈ ಆಟ! ಕುಂಬಳ ಇಲ್ಲಿಗೆ ತಂದಿಡ್ಬೇಡ."

ಮೇಣದಬತ್ತಿ ಹಿಡಿದು ಬಂದ ವಾರಿಜಾ ಬಾಗಿಲಲ್ಲೇ ನಿಂತಳು. "ನಾನಾ? ನನ್ನ ಸೊಂಟನೋವಿಗೆ ಅದನ್ನು ಎತ್ಲಿಕ್ಕೆ ಆಗ್ತದಾ? ನೀವೇ ಇಡ್ತಿದ್ದೀರಿ ಅಂದ್ಕೊಂಡೆ."

"ನಾನು ಮುಟ್ಟಲೇ ಇಲ್ಲ!"

ವಾರಿಜಾ ಬತ್ತಿಯನ್ನು ಹತ್ತಿರ ತಂದಳು. ಮುಖ ಬಿಳುಚಿತು. "ಹಾಗಾದ್ರೆ ನಿಮ್ಮ ಹೆಗಲಲ್ಲಿ ಅದೆಂತ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯನ್ನು ತಾರಾನಾಥರು ಎಷ್ಟೋ ಮಂದಿಯ ಮೇಲೆ ಪ್ರಯೋಗಿಸಿದ್ದರು. ಈಗ ತಮ್ಮದೇ ಹೆಗಲು ಮುಟ್ಟಿದರು. ಕೈಗೆ ಬೂದುಗುಂಬಳದ ಬಿಳಿ ಬೂದಿ ಹತ್ತಿತು. ಹೊತ್ತದ್ದು ಯಾವಾಗ, ನಿದ್ದೆಯಲ್ಲಿ ತಮ್ಮನ್ನು ಎಬ್ಬಿಸಿ ನಡೆಸಿದ್ದು ಯಾರು, ಒಂದೂ ನೆನಪಿಲ್ಲ.

ಗಂಡಸುತನ ಅಲ್ಲಿಗೆ ಮುಗಿಯಿತು. ಕತ್ತಿ ತಂದು, ಕಣ್ಣು ಮುಚ್ಚಿ, ದೇವರನ್ನು ನೆನೆದು ಏಟು ಹಾಕಿದರು. ಮರುದಿನ ಕಾಫಿ ಇಲ್ಲ, ರಸ. ಕಮಕ್ ಕಿಮಕ್ ಎನ್ನದೆ ಕುಡಿದರು.

ಸಂಜೆ ಮತ್ತೆ ಕರೆಂಟು ಹೋಯಿತು. ಹಾಳು ಜೊಂಪು ಮತ್ತೆ ಹತ್ತಿತು. ಎಚ್ಚರವಾದಾಗ ಕಾಲ ಬಳಿ ಸಿಹಿಗುಂಬಳ ಕೂತಿತ್ತು.

ತಾರಾನಾಥರು ಮೆಲ್ಲಗೆ ಹೆಗಲು ಮುಟ್ಟಿ ನೋಡಿಕೊಂಡರು. ಏನೂ ಇರಲಿಲ್ಲ. ಸಿಹಿಗುಂಬಳಕ್ಕೆ ಬೂದಿ ಇರುವುದಿಲ್ಲವಲ್ಲ.

"ಇದನ್ನೂ ಒಡೀರಿ," ಎಂದಿತು ಕತ್ತಲಲ್ಲಿ ವಾರಿಜಾಳ ಧ್ವನಿ. "ಎ ವಿಟಮಿನ್ ಉಂಟು ಅಂದವರು ನೀವೇ. ನಾಳೆಯಿಂದ ಎರಡು ಲೋಟ."