ಖಾಲಿ ಅಂತ ಸುಳ್ಳ ಹೇಳೂ ಮಿಷನ್ನು

ನಮ್ಮ ಅಂಗಡಿಯೊಳಗ ವಾರಕ್ಕೊಂದರ ತಮಾಷೆ ಆಗೂದ. ನಗಾವ್ರು ಗಿರಾಕಿ, ತಲಿ ಮ್ಯಾಲೆ ಕೈ ಹೊತ್ತು ಕುಂದ್ರಾವ ನಾ.

ನವಲಗುಂದ ತಾಲೂಕಾದಾಗ ನಾ ಬಿಚ್ಚದ ಎಂಜಿನ್ ಇಲ್ಲ. ಗಿರಣಿ ಇರ್ಲಿ, ಪಂಪಸೆಟ್ ಇರ್ಲಿ, ನನ್ನ ಕೈ ಹತ್ತಿದ ಕೂಡ್ಲೆ ಗುರ್ರ್ ಅನ್ನಬೇಕು. ಸಾಲಿ ನಾಕನೇತ್ತಾ ಆದ್ರೇನಾತು? ಬೆನ್ನು ಸೋತ ಮ್ಯಾಲೆ ತಾಲೂಕಾ ಕಚೇರಿ ಮುಂದ ಜೆರಾಕ್ಸ್ ಅಂಗಡಿ ಹಾಕೀನಿ. ಇರೂದು ಒಂದ ಪ್ರಿಂಟರ್. ಅದು ನಿಂತ್ರ ಅಂಗಡಿಗೆ ಕೀಲಿನ. ಬಾಜೂಕ ಇನ್ನೊಬ್ಬ ಜೆರಾಕ್ಸ್ ಅಂಗಡಿಯಾವ ಅದಕ್ಕ ಕಾಯ್ಕೋತ ಕುಂತಾನ.

ಗೌಡ್ರ ಧೋತ್ರ

ಒಂದಿನ ಮಿಷನ್ನು ಇಂಕ್ ಖಾಲಿ ಅಂತ ಕೆಂಪ ದೀಪ ಹಚ್ಚಿತು. ಇಂಕಿನ ಡಬ್ಬಿ ತಗದು ಕೈಯಾಗ ಹಿಡದ್ರ ಭಾರ ಐತಿ. ಹೋಗ್ಲಿ ಅಂತ ಎಮ್ಮಿಗೆ ಚುಚ್ಚೂ ಸೂಜಿಲೆ ಇನ್ನಷ್ಟು ತುಂಬಿದ್ನಿ. ಆದ್ರೂ ಖಾಲಿನ ಅಂತು.

ಯಮನೂರಿನ ಗೌಡ್ರೊಬ್ರು ಹೊಲದ ಪಹಣಿ ಉತಾರದ ಜೆರಾಕ್ಸ್ ತಗಸಾಕ ಬಂದು ನಿಂತಿದ್ರು. "ಏನೋ ದೊಡ್ಡ ಮೇಸ್ತ್ರಿ, ಒಂದ ಡಬ್ಬಿ ತುಂಬಾಕ ಬರೂದಿಲ್ಲ ನಿನಗ?" ಅಂದ್ರು.

ನನಗ ಸಿಟ್ಟು ನೆತ್ತಿಗೇರಿತು. "ತುಂಬೈತ್ರಿ! ಬೇಕಾದ್ರ ನೋಡ್ರಿ!" ಅಂತ ಡಬ್ಬಿ ಹಿಡದು ಝಾಡಿಸಿದ್ನಿ. ಕರೀ ಇಂಕು ಗೌಡ್ರ ಬಿಳೀ ಧೋತ್ರದ ಮ್ಯಾಲೆ ಸೊಂಟದಿಂದ ಪಾದದ ಮಟಾ ಇಳೀತು.

ಗೌಡ್ರು ಧೋತ್ರ ನೋಡಿದ್ರು, ಕೆಂಪ ದೀಪ ನೋಡಿದ್ರು. "ಖಾಲಿ ಡಬ್ಬಿದು ಇಷ್ಟಾದ್ರ, ತುಂಬಿದ್ದಿದ್ರ ನಾ ಈಜಿಕೋತ ಊರಿಗೆ ಹೋಗಬೇಕಾಗಿತ್ತಲ್ಲೋ!"

ಹಳದಿ ಮುಗದೈತಿ

ಒಬ್ಬಾವ ತನ್ನ ಮುತ್ಯಾ ತೀರಿಕೊಂಡ ಚೀಟಿ ಪ್ರಿಂಟ್ ಹೊಡಸಾಕ ಬಂದ. ಬರೇ ಕರೀ ಅಕ್ಷರ. ಮಿಷನ್ನು ಹಟ ಹಿಡೀತು: ಹಳದಿ ಮುಗದೈತಿ, ಅದನ್ನ ಹಾಕೂತನಕ ಕರೀದೂ ಬಿಡಂಗಿಲ್ಲ.

ಕಂಪನಿಗೆ ಫೋನ್ ಹಚ್ಚಿದ್ನಿ. "ತಂಗಿ, ಇದು ಸತ್ತ ಸುದ್ದಿ. ಇದರಾಗ ಹಳದಿ ಎಲ್ಲಿ ಬರತೈತಿ?"

"ಮಿಷನ್ನಿನ ಆರೋಗ್ಯಕ್ಕ ಎಲ್ಲಾ ಬಣ್ಣ ಬೇಕ್ರಿ."

"ಇಲ್ಲೆ ಮನಷ್ಯಾ ಹೋಗ್ಯಾನವ್ವಾ, ನೀ ಮಿಷನ್ನಿನ ಆರೋಗ್ಯ ಹೇಳ್ತಿ!"

ಅವತ್ತ ಬಾಜೂದಾವನ ಅಂಗಡಿನೂ ಬಂದ್. ಹುಬ್ಬಳ್ಳಿಯಿಂದ ಬಸ್ಸಿನ್ಯಾಗ ಹಳದಿ ಬರೂದ್ರಾಗ ಮರುದಿನಾ ಆತು. ಚೀಟಿ ತಗೊಂಡು ಆ ಮೊಮ್ಮಗ ಅಂದ: "ಕಾಕಾ, ಬೀಗರೂರಾಗ ಇನ್ನೂ ನಮ್ಮ ಮುತ್ಯಾ ಆರಾಮ ಅದಾನಂತ ತಿಳಕೊಂಡಾರ. ನಿಮ್ಮ ಮಿಷನ್ನು ಒಂದ ದಿನಾ ಹೆಚ್ಚಿಗಿ ಬದುಕಿಸಿತು. ಡಾಕ್ಟರ್ ಕೈಲೆ ಆಗಿದ್ದಿಲ್ಲ ನೋಡ್ರಿ."

ಕೇಸ್ ಗೆದ್ದದ್ದು

ಗಿರಾಕಿ ಒಬ್ಬೊಬ್ರ ಬಾಜೂಕ ಸರಿಯಾಕತ್ರು. ಎಂಜಿನ್ ಇದ್ದಿದ್ರ ಬಿಚ್ಚಿ ಒಗೀತಿದ್ನಿ. ಇದರಾಗ ಬಿಚ್ಚಾಕ ಏನೈತಿ, ಸುಳ್ಳ ಐತಿ.

ಕಚೇರಿಗೆ ಬರೂ ವಕೀಲರೊಬ್ರು ಅಂದ್ರು: "ಯಜಮಾನ್ರ, ನಿಮ್ಮಂಗ ಮೋಸ ಹೋದ ಸಾವಿರಾರು ಮಂದಿ ಕೂಡಿ ಆ ಕಂಪನಿ ಮ್ಯಾಲೆ ಒಂದ ಕೇಸ್ ಹಾಕ್ಯಾರ. ನೀವೂ ಸಹಿ ಮಾಡ್ರಿ."

ಮಾಡಿದ್ನಿ. ಕಂಪನಿ ಬಂದು ನನ್ನ ಕಾಲ ಹಿಡೀತೈತಿ ನೋಡ್ರಿ ಅಂತ ಊರೆಲ್ಲಾ ಹೇಳಿಕೋತ ತಿರಗಿದ್ನಿ.

ಭಾಳ ದಿನದ ಮ್ಯಾಲೆ ವಕೀಲರು ಬಂದ್ರು. "ರಾಜಿ ಆತ್ರಿ. ಗೆದ್ವಿ!"

"ತಪ್ಪ ಒಪ್ಪಿಕೊಂಡ್ರೇನ್ರಿ?"

"ಇಲ್ರಿ. ತಪ್ಪ ಮಾಡಿಲ್ಲಂತ. ಆದ್ರ ಎಲ್ಲಾರಿಗೂ ಒಂದೊಂದ ಡಬ್ಬಿ ಪುಕ್ಕಟೆ ಕೊಡ್ತಾರ. ಇನ್ನ ಮ್ಯಾಲೆ ನೀವು ಇದಕ್ಕ ಕೇಸ್ ಹಾಕಂಗಿಲ್ಲ."

ಕಂಪನಿಯಿಂದನ ಡಬ್ಬಿ ಬಂತು. ಊದಿನಕಡ್ಡಿ ಬೆಳಗಿ ಮಿಷನ್ನಿಗೆ ಹಾಕಿದ್ನಿ. ಮಿಷನ್ನಿನ ಪರದೆ ಮ್ಯಾಲೆ ಇಂಗ್ಲೀಷಿನ್ಯಾಗ ಏನೋ ಮೂಡಿತು. ನಮ್ಮ ಮನಿಯಾಕಿ ನನಗಿಂತ ಓದಿದಾಕಿ, ಹೇಳಿದ್ಲು: "ಡಬ್ಬಿ ನಕಲಿ ಐತಂತ. ಕಂಪನೀದಲ್ಲಂತ. ಕೊಟ್ಟಾವ್ರ ಮ್ಯಾಲೆ ದೂರು ಕೊಡ್ರಿ ಅಂತ ಫೋನ್ ನಂಬರ್ ಹಾಕ್ಯಾರ."

ಹಚ್ಚಿದ್ನಿ. "ಡಬ್ಬಿ ಕೊಟ್ಟಾವ್ರ ಹೆಸರೇನ್ರಿ ಅಜ್ಜಾರ?" ಅಂತ ಒಬ್ಬಾಕಿ ಕೇಳಿದ್ಲು. ಅವರ ಕಂಪನಿ ಹೆಸರನ ಹೇಳಿದ್ನಿ. ಆಕಿ ಲಕ್ಷ್ಯ ಕೊಟ್ಟಳೋ ಇಲ್ಲೋ, ಟಕಟಕ ಟೈಪ್ ಮಾಡಿಕೊಂಡ್ಲು.

"ಬರಕೊಂಡೇವ್ರಿ. ಅವ್ರ ಮ್ಯಾಲೆ ಕಡಕ್ ಕ್ರಮ ತಗೋತೀವಿ. ಇನ್ನ ಮ್ಯಾಲೆ ಹಂತಾ ಮೋಸಗಾರರ ಕೂಡ ವ್ಯವಹಾರ ಮಾಡಬ್ಯಾಡ್ರಿ ಅಜ್ಜಾರ."

"ಮಾಡಂಗಿಲ್ಲವ್ವಾ" ಅಂದು ಅಂಗಡಿ ಶಟರ್ ಎಳದ್ನಿ.