ಲಬ್ ಟಕ್ ಡಬ್

ಲೋಕದವರ ಎದೆಯೆಲ್ಲ ಲಬ್ ಡಬ್ ಅನ್ನುತ್ತಿದ್ದರೆ ಟೈಲರಮ್ಮನ ಮಗಳ ಎದೆ ಮಾತ್ರ ಲಬ್ ಟಕ್ ಡಬ್ ಅನ್ನುತ್ತಿತ್ತು. ಆ ಟಕ್ ತೀರಾ ಚಿಕ್ಕದು, ಹೊಲಿಗೆ ಮಿಷನ್ನಿನ ಸೂಜಿ ಬಟನ್ನಿಗೆ ತಾಗಿದಷ್ಟು. ಅವಳಿಗೆ ಹತ್ತು ವರ್ಷವಿದ್ದಾಗಲೇ ಡಾಕ್ಟರೊಬ್ಬರು ಅದನ್ನು ಕೇಳಿಸಿಕೊಂಡು, "ಹೃದಯದ ಕವಾಟ ಚೂರು ಸಡಿಲ, ಅಷ್ಟೇ. ಇದರಿಂದ ನಿನಗೇನೂ ಆಗೋಲ್ಲ. ಆದ್ರೆ ಈ ಸಿಟ್ಟಿದೆಯಲ್ಲ, ಅದನ್ನ ಸ್ವಲ್ಪ ನೋಡ್ಕೋ" ಎಂದಿದ್ದರು. ತಾನೂ ಡಾಕ್ಟರಾಗಬೇಕೆಂದು ಹುಡುಗಿ ಹಟ ಹಿಡಿದದ್ದು ಅಂದೇ. ಬೀದಿಯವರು ಡಾಕ್ಟ್ರಮ್ಮ ಎಂದು ಹೆಸರಿಟ್ಟು ಗೋಳು ಹುಯ್ದುಕೊಳ್ಳತೊಡಗಿದ್ದೂ ಅಂದಿನಿಂದಲೇ.

ಎರಡು ಸಲ ಕೂದಲೆಳೆಯಲ್ಲಿ ತಪ್ಪಿದ ಮೆಡಿಕಲ್ ಸೀಟು ಮೂರನೇ ಸಲ ಸಿಕ್ಕಿತು. ಇವತ್ತು ಸೇರಲು ಕೊನೆಯ ದಿನ. ಕಾಲೇಜಿನ ಆಸ್ಪತ್ರೆಯಲ್ಲೇ ಆರೋಗ್ಯದ ಸರ್ಟಿಫಿಕೇಟಿಗೆ ಸಹಿ ಹಾಕಿಸಿ, ಸಂಜೆ ನಾಲ್ಕರೊಳಗೆ ಆಫೀಸಿನ ಕಿಟಕಿಯಲ್ಲಿ ಕೊಡಬೇಕು. ಇಲ್ಲದಿದ್ದರೆ ಸೀಟು ಇನ್ನೊಬ್ಬರ ಪಾಲು.

ಬೆಳಿಗ್ಗೆ ಮೆಟ್ಟಿಲಿಳಿಯುತ್ತಿದ್ದಂತೆ ಕೆಳಮನೆ ಅಜ್ಜಿ ಅಡ್ಡ ಬಂದರು.

"ಡಾಕ್ಟ್ರಮ್ಮಾ, ಈ ಮಂಡಿ ನೋಡೇ ಸ್ವಲ್ಪ."

"ಅಜ್ಜೀ, ನಾನಿನ್ನೂ ಕಾಲೇಜಿಗೆ ಸೇರೇ ಇಲ್ಲ!"

"ಅದಕ್ಕೇ ಈಗ ತೋರಿಸ್ತಿರೋದು. ಓದು ಮುಗಿದ ಮೇಲೆ ಫೀಸ್ ಕೇಳ್ತೀಯ."

ಮಂಡಿ ನೋಡಿದ್ದನ್ನು ಕಂಡು ಪಕ್ಕದ ಮನೆಯಾಕೆ ತಮ್ಮ ಬೆನ್ನು ತಂದರು. ಬೆನ್ನಿನ ಹಿಂದೆಯೇ ಪೋಸ್ಟ್‌ಮನ್ ಬಾಯಿ ತೆರೆದು ನಿಂತ. "ಹಲ್ಲಿಗೆ ಬೇರೆ ಕಾಲೇಜು ಕಣ್ರೀ!" ಎಂದು ಕಿರುಚಿ ಅವಳು ಓಡುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು.

ಆಸ್ಪತ್ರೆ ತಲುಪಿದಾಗ ಮಧ್ಯಾಹ್ನ. ಸಹಿ ಹಾಕಬೇಕಾದ ದೊಡ್ಡ ಮೇಡಮ್ ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಅವರ ಮುಖ ಅರಳಿತು. ಅಂದು ಕೊನೆಯ ವರ್ಷದ ವಿದ್ಯಾರ್ಥಿನಿಯರಿಗೆ ಪರೀಕ್ಷೆ. ವಾರ್ಡಿನಲ್ಲಿ ನಿಜವಾದ ರೋಗಿಗಳನ್ನು ಮಲಗಿಸಿ, ಇವರಿಗೇನಾಗಿದೆ ಹೇಳು ಎಂದು ಕೇಳುವ ಪರೀಕ್ಷೆ. ಮೂರನೇ ಹಾಸಿಗೆಯ ರೋಗಿ ಬೆಳಿಗ್ಗೆಯೇ ಪರಾರಿಯಾಗಿದ್ದಳು.

"ಎಂಥಾ ಸ್ಪಷ್ಟವಾದ ಟಕ್! ಬಾಮ್ಮ, ಮೂರನೇ ಹಾಸಿಗೆ ಮೇಲೆ ಮಲಕ್ಕೋ."

"ಮೇಡಮ್, ನಾನು ರೋಗಿ ಅಲ್ಲ. ಇಲ್ಲಿ ಓದೋಕೆ ಬಂದೋಳು!"

"ಓದೋವಂತೆ. ಅರ್ಧ ಗಂಟೆ ಅಷ್ಟೇ, ಆಮೇಲೆ ಸಹಿ." ಸರ್ಟಿಫಿಕೇಟು ಮೇಡಮ್ಮರ ಕೋಟಿನ ಜೇಬು ಸೇರಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಹಲ್ಲು ಕಚ್ಚಿಕೊಂಡು ಮಲಗಿದಳು. ಒಬ್ಬಳು ಬಂದು ಎದೆಯ ಬಲಗಡೆ ಹೃದಯ ಹುಡುಕಿದಳು. ಇನ್ನೊಬ್ಬಳು ಹೊಟ್ಟೆ ತಟ್ಟಿ ತಟ್ಟಿ, ಗ್ಯಾಸ್ ಎಂದು ಬರೆದುಕೊಂಡಳು. ಅರ್ಧ ಗಂಟೆ ಮೂರು ಗಂಟೆಯಾಯಿತು. ಎಲ್ಲರಿಗಿಂತ ಕೊನೆಗೆ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಬಂದು ಸ್ಟೆತಸ್ಕೋಪ್ ಒತ್ತಿದಳು.

"ಅಕ್ಕಾ, ಏನೂ ಕೇಳಿಸ್ತಾನೇ ಇಲ್ಲ!"

"ಮೊದಲು ಅದನ್ನ ಕಿವಿಗೆ ಹಾಕ್ಕೊಳ್ರೀ!"

ಡಾಕ್ಟ್ರಮ್ಮನ ಮೈಯೆಲ್ಲ ಉರಿಯಿತು. ಮೂರು ವರ್ಷ ಹೊಲಿಗೆ ಮಿಷನ್ನಿನ ಗಡಗಡದ ಪಕ್ಕ ಕೂತು ಓದಿದ ತಾನು ಹಾಸಿಗೆಯ ಮೇಲೆ, ಕಿವಿಯೆಲ್ಲಿದೆಯೆಂದು ತಿಳಿಯದ ಈಕೆ ಬಿಳಿ ಕೋಟಿನೊಳಗೆ!

"ಅಕ್ಕಾ, ಇದು ನನಗೆ ನಾಲ್ಕನೇ ಸಲ. ನಿಮಗೇನಾಗಿದೆ ಹೇಳಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಹುಡುಗಿಯ ಕಣ್ಣಲ್ಲಿ ನೀರಿತ್ತು. ಎರಡು ಸಲ ಸೀಟು ತಪ್ಪಿದವಳಿಗೆ ಆ ನೀರಿನ ರುಚಿ ಗೊತ್ತು. ಡಾಕ್ಟ್ರಮ್ಮ ಪಿಸುಗುಟ್ಟಿದಳು: "ಕವಾಟ ಸಡಿಲ. ಆದ್ರೆ ಅದರಿಂದ..."

"ಮೂರನೇ ಹಾಸಿಗೆ! ರೋಗಿ ಮಾತಾಡೋ ಹಾಗಿಲ್ಲ!" ಮೇಡಮ್ ಗುಡುಗಿದರು.

"ಕವಾಟ ಸಡಿಲ ಮೇಡಮ್!" ಎಂದು ಹುಡುಗಿ ವಾರ್ಡೆಲ್ಲ ಕೇಳುವಂತೆ ಕೂಗಿ ಪಾಸಾದಳು. ಎದೆ ತನ್ನದು, ಉತ್ತರವೂ ತನ್ನದು, ಪಾಸು ಮಾತ್ರ ಅವಳದು! ಇದ್ಯಾವ ನ್ಯಾಯ?

ಮೇಡಮ್ "ಓದಲು ಅರ್ಹಳು" ಎಂದು ಬರೆದು ಸಹಿ ಹಾಕಿದಾಗ ನಾಲ್ಕಕ್ಕೆ ಎರಡು ನಿಮಿಷ. ಎದ್ದೆನೋ ಬಿದ್ದೆನೋ ಎಂದು ಅಂಗಳ ದಾಟಿ ಓಡಿದಳು. ಗುಮಾಸ್ತ ಕಿಟಕಿಗೆ ಬೀಗ ಹಾಕುತ್ತಿದ್ದ.

"ನಿಮ್ಮ ಕಾಲೇಜಿನವರೇ ನನ್ನ ಹಿಡಿದಿಟ್ಟಿದ್ರು, ಸ್ವಾಮೀ!"

"ಎಲ್ಲಿ?"

"ಹಾಸಿಗೆ ಮೇಲೆ!"

"ನಾಲ್ಕು ಗಂಟೆವರೆಗೂ ಮಲಗಿದ್ರೆ ಸೀಟು ಕಾಯ್ಕೊಂಡಿರುತ್ತೇನಮ್ಮ?"

ಆ ರಾತ್ರಿ ಅವಳು ಅತ್ತಳು. ಬೆಳಿಗ್ಗೆ ಎದ್ದು ಅದೇ ಸಿಟ್ಟಿನಲ್ಲಿ ಪುಸ್ತಕ ಬಿಚ್ಚಿದಳು. ಮರುವರ್ಷ ಸೀಟು ಮತ್ತೆ ಸಿಕ್ಕಿತು. ಈ ಸಲ ಅಜ್ಜಿ ಏಳುವ ಮೊದಲೇ ಮನೆ ಬಿಟ್ಟು, ಆಸ್ಪತ್ರೆಯ ಬಾಗಿಲು ತೆರೆಯುವಾಗಲೇ ಮೊದಲಿಗಳಾಗಿ ನಿಂತಳು. ದೊಡ್ಡ ಮೇಡಮ್ ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಇನ್ನೊಬ್ಬರು ಬರುವವರೆಗೆ ಅವರ ಕುರ್ಚಿಯಲ್ಲಿ ದಪ್ಪ ಕನ್ನಡಕದ ಹೊಸ ಡಾಕ್ಟರು.

"ಅಕ್ಕಾ! ನೀವಾ! ನಿಮ್ಮಿಂದ ತಾನೇ ನಾನು ಡಾಕ್ಟರಾಗಿದ್ದು!"

ಡಾಕ್ಟ್ರಮ್ಮನಿಗೆ ಹೋದ ಜೀವ ಬಂದಂತಾಯಿತು. ಮಾಡಿದ ಉಪಕಾರ ಎಲ್ಲೂ ಹೋಗುವುದಿಲ್ಲ ಎಂದುಕೊಂಡಳು. ಡಾಕ್ಟರು ಸ್ಟೆತಸ್ಕೋಪನ್ನು ಈ ಸಲ ಕಿವಿಗೇ ಹಾಕಿಕೊಂಡು ಕೇಳಿದರು. "ಆಹಾ, ಅದೇ ಟಕ್!" ಎಂದು ಸಡಗರದಿಂದ ಬರೆದರು, ಸಹಿ ಮಾಡಿದರು, ಮೊಹರು ಒತ್ತಿದರು, ರಿಜಿಸ್ಟರಿನಲ್ಲೂ ದಾಖಲಿಸಿದರು.

ಅವಳು ಓದಿದಳು: "ಕವಾಟ ಸಡಿಲ. ವೈದ್ಯ ಶಿಕ್ಷಣಕ್ಕೆ ಅನರ್ಹಳು."

"ಏನ್ರೀ ಇದು! ಅದರಿಂದ ಏನೂ ತೊಂದ್ರೆ ಇಲ್ಲ ಕಣ್ರೀ!"

ಡಾಕ್ಟರ ಮುಖ ಬಾಡಿತು.

"ಹೌದಾ? ಅವತ್ತು ನೀವು ಅಷ್ಟು ಹೇಳ್ಕೊಡ್ಲೇ ಇಲ್ವಲ್ಲ, ಅಕ್ಕಾ!"